ಮೇಲೊಂದು ಕೋಣೆ ಹಾಕಿಸುವ ಮೊದಲು ನೂರು ಮೀಟರ್ ಅಳೆಯಿರಿ

ಮಗಳ ನಿಕಾಹ್ ನಿಶ್ಚಯವಾದರೆ ನಮ್ಮ ಬ್ಯಾರಿ ಮನೆಗಳಲ್ಲಿ ಮೊದಲು ಬರುವುದು ಕೋಣೆಯ ಮಾತು. ಪುದಿಯಾಪ್ಲ ಬಂದು ಹೋಗುವ ಮನೆ, ಬಾತ್‌ರೂಂ ಇರುವ ಒಂದು ಕೋಣೆ ಮೇಲೆ ಆಗಲೇಬೇಕು ಅಂತ ಮೇಸ್ತ್ರಿಯನ್ನು ಕರೆಸುತ್ತೇವೆ. ಕಬ್ಬಿಣ, ಜಲ್ಲಿ ಅಂಗಳಕ್ಕೆ ಬಂದು ಬೀಳುತ್ತದೆ. ಪರವಾನಗಿಯ ನೆನಪಾಗುವುದು ಆಮೇಲೆ. ಈ ಅವಸರ ಎಷ್ಟು ದುಬಾರಿ ಅಂತ ನಾವು ನೋಡಿದ್ದು ನಮ್ಮೂರಲ್ಲಿ ಅಲ್ಲ, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮೂರಿನವರೊಬ್ಬರ ಜೊತೆ ಅಲ್ಲಿಗೆ ಹೋಗಿದ್ದೆವು. ಅವರ ಪರಿಚಯದ ಮನೆಯೊಂದರಲ್ಲಿ ಮಧ್ಯಾಹ್ನದ ಊಟ. ಗಳಗನಾಥ ವರದಾ ನದಿ ತುಂಗಭದ್ರೆಗೆ ಸೇರುವ ಜಾಗ. ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಕಾವ್ಯನಾಮಕ್ಕೆ ಇಟ್ಟುಕೊಂಡದ್ದು ಇದೇ ಊರಿನ ಹೆಸರು. ನದಿಯ ದಂಡೆಯಲ್ಲಿ ಚಾಲುಕ್ಯರ ಕಾಲದ, 11ನೇ ಶತಮಾನದ ಗಳಗೇಶ್ವರ ದೇವಸ್ಥಾನ ಇದೆ. ಅದು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ.

ಊಟ ಆದ ಮೇಲೆ ಮನೆಯ ಯಜಮಾನರು ನಮ್ಮನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ತಾಡಪಾಲಿನ ಅಡಿಯಲ್ಲಿ ಕಬ್ಬಿಣದ ಸರಳು, ಪಕ್ಕದಲ್ಲಿ ಮರಳು. ಎರಡನೇ ಮಗನ ಮದುವೆ ಹತ್ತಿರ ಬಂದಿದೆ, ಕೆಲಸ ಮಾತ್ರ ನಿಂತಿದೆ. "ಮೌಲಾನಾ, ಜಾಗಾ ನಂದು, ಮನೀ ನಮ್ಮಜ್ಜ ಕಟ್ಟಿಸಿದ್ದು. ಮ್ಯಾಲ ಒಂದು ಖೋಲಿ ಹಾಕಾಕ ಯಾರನ್ನ ಕೇಳಬೇಕ್ರಿ?" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದು ವಕೀಲರೊಬ್ಬರನ್ನು ಕೂರಿಸಿಕೊಂಡು ಕಾನೂನು ಓದಿಸಿಕೊಂಡೆವು.

ಸ್ಮಾರಕಗಳ ಕಾಯ್ದೆ 1958ರದ್ದು. 1992ರ ಜೂನ್ 16ರ ಅಧಿಸೂಚನೆ ಮೊದಲ ಸಲ ಸ್ಮಾರಕದ ಸುತ್ತ ಅಳತೆ ಹಾಕಿತು. 2010ರ ತಿದ್ದುಪಡಿ ಅದನ್ನು ಬಿಗಿ ಮಾಡಿತು. ಈಗ ಸಂರಕ್ಷಿತ ಜಾಗದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರ ಹೊಸ ಕಟ್ಟಡಕ್ಕೆ ಅನುಮತಿಯೇ ಇಲ್ಲ. ಕಾಯ್ದೆಯಲ್ಲಿ "ನಿರ್ಮಾಣ" ಅಂದರೆ ಹೊಸ ಮನೆ ಮಾತ್ರ ಅಲ್ಲ, ಇರುವ ಮನೆಯನ್ನು ಅಗಲಕ್ಕೆ ಚಾಚುವುದೂ ಎತ್ತರಕ್ಕೆ ಏರಿಸುವುದೂ ಅದರಲ್ಲೇ ಬರುತ್ತದೆ. ಮೇಲಿನ ಕೋಣೆ ಸಿಕ್ಕಿಬೀಳುವುದು ಇಲ್ಲಿಯೇ.

ಆ ಯಜಮಾನರು ಗೋಪುರದಿಂದ ಹೆಜ್ಜೆ ಹಾಕಿ ನೂರಕ್ಕಿಂತ ಜಾಸ್ತಿ ಬಂತು ಅಂತ ಸಮಾಧಾನದಲ್ಲಿದ್ದರು. ಆದರೆ ಅಳತೆ ಶುರುವಾಗುವುದು ಗೋಪುರದಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಹಾಗೆ ಅಳೆದರೆ ಅವರ ಮನೆ ನೂರರ ಒಳಗೆ.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ದುರಸ್ತಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಸೋರುವ ಮಾಡು, ಬಿರುಕು ಬಿಟ್ಟ ಗೋಡೆ ಇವಕ್ಕೆಲ್ಲ ದಾರಿ ಇದೆ. 100ರಿಂದ 300 ಮೀಟರ್ ನಡುವಿನವರು ಹೊಸದಾಗಿ ಕಟ್ಟುವುದಕ್ಕೂ ಕೇಳಬಹುದು. ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ. ಅದು 15 ದಿನದೊಳಗೆ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು, ಅಲ್ಲಿಂದ ಎರಡು ತಿಂಗಳಲ್ಲಿ ಅಭಿಪ್ರಾಯ ಬರಬೇಕು, ಆಮೇಲೆ ಒಂದು ತಿಂಗಳಲ್ಲಿ ಹೌದು ಅಥವಾ ಇಲ್ಲ. ಕಾಗದದ ಲೆಕ್ಕವೇ ಮೂರು ತಿಂಗಳು ದಾಟುತ್ತದೆ. ಮದುವೆಯ ತಾರೀಕು ಇಟ್ಟು ಆಮೇಲೆ ಅರ್ಜಿ ಹಾಕುವವರು ಇದನ್ನು ನೋಡಿಕೊಳ್ಳಿ. ಪಂಚಾಯತ್‌ನ ಲೈಸನ್ಸ್ ಬೇಕು, ಆದರೆ ಇಲ್ಲಿ ಅದೊಂದೇ ಸಾಲದು. ಕೇಳದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಫಿಕ್ಹ್ ಕಲಿತವರಿಗೆ ಇಂಥ ಗಡಿ ತೀರಾ ಹೊಸದಲ್ಲ. ಬಾವಿಗೆ "ಹರೀಮ್" ಇದೆ ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಬಾವಿಯ ಉಪಯೋಗಕ್ಕೆ ಬೇಕಾದ ಸುತ್ತಲಿನ ಜಾಗ ಅದು, ಇನ್ನೊಬ್ಬರು ಬಂದು ಅದನ್ನು ತಮ್ಮದು ಮಾಡಿಕೊಳ್ಳುವ ಹಾಗಿಲ್ಲ. ಆದರೆ ಒಂದು ವ್ಯತ್ಯಾಸ ಹೇಳಲೇಬೇಕು. ಹರೀಮ್‌ನಲ್ಲಿ ಗಡಿ ಮೊದಲು, ಜನ ಆಮೇಲೆ. ಗಳಗನಾಥದಂಥ ಊರುಗಳಲ್ಲಿ ಮನೆಗಳು ಮೊದಲು ಎದ್ದವು, ಗಡಿ ಬಂದದ್ದು ಆಮೇಲೆ. ಅಜ್ಜನ ಮನೆಯಲ್ಲಿ ಮೊಮ್ಮಗನಿಗೆ ಕೋಣೆ ಇಲ್ಲ ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ದೇವಸ್ಥಾನದ ಪಕ್ಕದಲ್ಲಿ ಮುಸ್ಲಿಮರ ಮನೆ, ಅದಕ್ಕೇ ತಡೆದರು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಆ ಬೀದಿಯಲ್ಲಿ ಯಾರ ಮನೆಗಾದರೂ ಇದೇ ಟೇಪು. ವಿಜಯಪುರದ ಗೋಳಗುಮ್ಮಟದ ಸುತ್ತಲೂ ಇದೇ ನೂರು, ಇದೇ ಇನ್ನೂರು. ನಮ್ಮ ಕಡೆ ಮಂಗಳೂರಿನ ಸುಲ್ತಾನ್ ಬತ್ತೇರಿ, ಕಾಸರಗೋಡಿನ ಬೇಕಲ ಕೋಟೆ ಹತ್ತಿರ ಜಾಗ ಇರುವವರಿಗೂ ಇದೇ ಕಾನೂನು. ಸೆಂಟ್ಸ್ ಲೆಕ್ಕದಲ್ಲಿ ಜಾಗ ಕೊಳ್ಳುವಾಗ ಬ್ರೋಕರ್ ಬಾಯಿಮಾತಲ್ಲಿ "ಏನೂ ಆಗಲ್ಲ" ಅಂದರೆ, ಅಡ್ವಾನ್ಸ್ ಕೊಡುವ ಮೊದಲು ಸರ್ವೇ ನಂಬರ್ ಹಿಡಿದು ವಿಚಾರಿಸಿ. ಹಳೆಯ ಮನೆ ಇರುವವರು ಅಜ್ಜನ ಕಾಲದ ತೆರಿಗೆ ರಶೀದಿಗಳನ್ನು ಗುಜರಿಗೆ ಹಾಕಬೇಡಿ. 1992ಕ್ಕೆ ಮೊದಲು ಮನೆ ಇತ್ತು ಅಂತ ತೋರಿಸಬೇಕಾದಾಗ ಕೈಗೆ ಬರುವುದು ಅಂಥ ಕಾಗದಗಳೇ.

ಹೋದ ವಾರ ಗಳಗನಾಥದಿಂದ ಫೋನ್ ಬಂತು. ಮೇಲಿನ ಖೋಲಿಯ ಆಸೆ ಬಿಟ್ಟಿದ್ದಾರೆ. ಹಳೇ ಮನೆಯ ದುರಸ್ತಿಗೆ ಒಂದು ಅರ್ಜಿ, ಊರಾಚೆ 300 ಮೀಟರ್ ದಾಟಿದ ಕಡೆ ತಮ್ಮನ ನಿವೇಶನದಲ್ಲಿ ಎರಡು ಖೋಲಿ ಕಟ್ಟಲು ಪಂಚಾಯತ್‌ಗೆ ಇನ್ನೊಂದು. ತಾಡಪಾಲಿನ ಅಡಿಯ ಕಬ್ಬಿಣ ಟ್ರ್ಯಾಕ್ಟರ್‌ನಲ್ಲಿ ಅಲ್ಲಿಗೆ ಹೋಗಿದೆಯಂತೆ. ಮದುವೆಯನ್ನು ಮೂರು ತಿಂಗಳು ಮುಂದೆ ಹಾಕಿದ್ದಾರೆ.