ನೋಟದ ನೆಲೆ: ಮೂರು ಆಯಾಮದ ಮಾದರಿಯಲ್ಲಿ ಕ್ಯಾಮೆರಾ ನಡೆಸುವ ಬಗೆ

ಕಂಪ್ಯೂಟರಿನಲ್ಲಿ ಕಟ್ಟಡವೊಂದರ ಮೂರು ಆಯಾಮದ ಮಾದರಿಯನ್ನು ರಚಿಸುವಾಗ, ಪರದೆಯ ಮೇಲೆ ವಸ್ತುವೇ ತಿರುಗಿದಂತೆಯೂ ಸರಿದಂತೆಯೂ ತೋರಿದರೂ, ಅದು ತನ್ನ ನೆಲೆಯಿಂದ ಎಳ್ಳಷ್ಟೂ ಕದಲಿರುವುದಿಲ್ಲ; ಚಲಿಸುತ್ತಿರುವುದು ನಮ್ಮ ಕಣ್ಣಿನ ಪ್ರತಿನಿಧಿಯಾದ ಅದೃಶ್ಯ ಕ್ಯಾಮೆರಾ. ಈ ತತ್ತ್ವವನ್ನರಿಯದ ಅಭ್ಯಾಸಿಯು ಬೇರೊಂದು ಪಾರ್ಶ್ವವನ್ನು ಕಾಣುವ ಆತುರದಲ್ಲಿ ಮಾದರಿಯನ್ನೇ ತಿರುಗಿಸಿ ದಿಕ್ಕುಗಳನ್ನು ಕೆಡಿಸಿಕೊಳ್ಳುವುದುಂಟು. ಯಾವ ನಿರ್ಮಿತಿಗೆ ಯಾವ ಚಲನೆ ಉಚಿತವೆಂಬುದನ್ನು, ಬಹುಮಂದಿ ಬಳಸುವ ಸ್ಕೆಚ್‌ಅಪ್ ತಂತ್ರಾಂಶವನ್ನು ಮುಂದಿಟ್ಟುಕೊಂಡು, ಹೊಸಪೇಟೆಯ ಸುತ್ತಣ ಮೂರು ನಿರ್ಮಿತಿಗಳ ಮೂಲಕ ವಿಚಾರಿಸೋಣ.

ಮೊದಲನೆಯದು ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥ. ನಾಲ್ಕು ಕಡೆಯಿಂದಲೂ ನೋಡತಕ್ಕ ಇಂಥ ಬಿಡಿ ನಿರ್ಮಿತಿಗೆ ಒಪ್ಪುವ ಸಾಧನ ಆರ್ಬಿಟ್. ಮೌಸಿನ ಗಾಲಿಯನ್ನು ಒತ್ತಿಹಿಡಿದು ಎಳೆದರೆ, ಭಕ್ತನು ಗುಡಿಗೆ ಪ್ರದಕ್ಷಿಣೆ ಬರುವಂತೆ ಕ್ಯಾಮೆರಾ ವಸ್ತುವನ್ನು ಸುತ್ತುತ್ತದೆ. ಅಷ್ಟೇ ಅಲ್ಲದೆ ಮೇಲಕ್ಕೇರಿ ಕೆಳಕ್ಕಿಳಿಯಲೂ ಬಲ್ಲುದು. ರಥದ ಮುಂದಿರುವ ಆನೆಗಳು ಅಲ್ಲಿ ಮೂಲದಲ್ಲಿದ್ದವಲ್ಲ. ಅವುಗಳ ಹಿಂಬದಿಯಲ್ಲಿ ಕುದುರೆಗಳ ಹಿಂಗಾಲು, ಬಾಲಗಳ ಕೆತ್ತನೆ ಇಂದಿಗೂ ಉಳಿದಿದೆ. ಕ್ಯಾಮೆರಾವನ್ನು ತಗ್ಗಿಸಿ ಪಕ್ಕಕ್ಕೆ ತಾರದವನು ಈ ಭಾಗವನ್ನು ರಚಿಸದೆಯೇ ಬಿಟ್ಟಾನು.

ಎರಡನೆಯದು 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು. ಉದ್ದ ಸುಮಾರು 2,450 ಮೀಟರ್, ಎತ್ತರ 50 ಮೀಟರಿಗೆ ಸಮೀಪ. ಮಾದರಿಯ ಸಮಸ್ತವನ್ನೂ ಪರದೆಗೆ ತುಂಬಿಸುವ ಜೂಮ್ ಎಕ್ಸ್‌ಟೆಂಟ್ಸ್ ಒತ್ತಿದರೆ ಡ್ಯಾಂ ಒಂದು ಗೆರೆಯಾಗಿ ಕಾಣುವುದೇ ಹೊರತು ಅದರ 33 ಕ್ರೆಸ್ಟ್ ಗೇಟುಗಳು ಒಂದರಿಂದೊಂದು ಬೇರ್ಪಟ್ಟು ತೋರುವುದಿಲ್ಲ. ಇಲ್ಲಿ ಆರ್ಬಿಟ್‌ನಿಂದ ಪ್ರಯೋಜನ ಅಲ್ಪ. ಬೇಕಾದ ಗೇಟಿನ ಮೇಲೆ ಮೌಸಿನ ಬಾಣವನ್ನಿಟ್ಟು ಗಾಲಿಯನ್ನು ಉರುಳಿಸಿದರೆ ಕ್ಯಾಮೆರಾ ಅದರತ್ತಲೇ ಸಮೀಪಿಸುತ್ತದೆ. ಬಳಿಕ ಹಸ್ತದ ಚಿಹ್ನೆಯುಳ್ಳ ಪ್ಯಾನ್ ಸಾಧನವನ್ನು ಹಿಡಿದು, ನೋಟದ ದಿಕ್ಕು ಬದಲಾಗದಂತೆ, 60 ಅಡಿ ಅಗಲದ ಒಂದೊಂದು ಗೇಟನ್ನೂ ಸಾಲಾಗಿ ಪರಿಶೀಲಿಸುತ್ತ ಸಾಗಬಹುದು.

ಮೂರನೆಯದು ಹಂಪಿಯ ಅರಮನೆಯ ಆವರಣದಲ್ಲಿ ಉತ್ಖನನದಿಂದ ಬೆಳಕಿಗೆ ಬಂದ ಮೆಟ್ಟಿಲುಗಳ ಪುಷ್ಕರಣಿ. ಮೇಲಿನಿಂದ ನೋಡಿದರೆ ಇದು ಕೇವಲ ರೇಖಾಗಣಿತದ ಆಕೃತಿ; ಮನುಷ್ಯನು ಇಳಿದು ನೀರು ಮುಟ್ಟಲೆಂದು ಕಟ್ಟಿದ ಕೊಳವೆಂಬುದು ಮನವರಿಕೆಯಾಗಬೇಕಾದರೆ ಕ್ಯಾಮೆರಾ ಮನುಷ್ಯನ ಎತ್ತರಕ್ಕೆ ಇಳಿಯಬೇಕು. ಪೊಸಿಷನ್ ಕ್ಯಾಮೆರಾ ಸಾಧನವನ್ನು ಹಿಡಿದು ದಡದ ಮೇಲೆ ಒತ್ತಿದೊಡನೆ ಕಣ್ಣು ನೆಲದಿಂದ ಸುಮಾರು ಐದೂವರೆ ಅಡಿಯಲ್ಲಿ ನಿಲ್ಲುತ್ತದೆ. ಲುಕ್ ಅರೌಂಡ್ ನಿಂತಲ್ಲೇ ಕತ್ತು ಹೊರಳಿಸುತ್ತದೆ. ವಾಕ್ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ, ಗೋಡೆ ಅಡ್ಡಬಂದರೆ ತಡೆದು ನಿಲ್ಲಿಸುತ್ತದೆ. ಈ ಕಲ್ಲುಗಳ ಮೇಲೆ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿನಲ್ಲಿ ಕೂರಬೇಕೆಂಬುದನ್ನು ಸೂಚಿಸುವ ಗುರುತುಗಳನ್ನು ಶಿಲ್ಪಿಗಳು ಕೊರೆದಿದ್ದಾರೆ. ಅವನ್ನು ಮಾದರಿಯಲ್ಲಿ ತೋರಿಸಬೇಕೆಂಬ ವಿವೇಕ ಹುಟ್ಟುವುದು ಹೀಗೆ ನಡೆದು ನೋಡಿದವನಿಗೆ.

ಆರಿಸಿದ ನೆಲೆಯನ್ನು ಸೀನ್ ಎಂಬ ಹೆಸರಿನಲ್ಲಿ ಉಳಿಸಿಡುವ ಸೌಕರ್ಯವೂ ಇದೆ. ಇದರ ಬೆಲೆ ತಿಳಿಯಬೇಕಾದರೆ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಛಾಯಾಚಿತ್ರಗಳನ್ನು ನೆನೆಯಬೇಕು. ಶತಮಾನಕ್ಕೂ ಮಿಕ್ಕ ಕಾಲದ ಮೇಲೆ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವುಗಳಲ್ಲಿ ಹಲವನ್ನು ಅದದೇ ನೆಲೆಗಳಿಂದ ಮರಳಿ ತೆಗೆದುದರಿಂದ, ಏನು ಉಳಿದಿದೆ, ಏನು ಅಳಿದಿದೆ ಎಂಬುದನ್ನು ಹೋಲಿಸುವುದು ಸಾಧ್ಯವಾಯಿತು. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವಿದೆ, ಇಂದು ಅದಿಲ್ಲ. ಮ್ಯಾಚ್ ಫೋಟೋ ಸಾಧನದ ನೆರವಿನಿಂದ, ಪೀಠದ ಅಂಚುಗಳನ್ನು ಆಧಾರವಾಗಿ ಹಿಡಿದು, ಮಾದರಿಯ ಕ್ಯಾಮೆರಾವನ್ನು ಅವನು ನಿಂತ ನೆಲೆಗೆ ಹೊಂದಿಸಿದರೆ, ಅಳತೆಗೆ ಸಿಗುವ ಪೀಠದಿಂದ ಅಳಿದುಹೋದ ಶಿಖರದ ಎತ್ತರವನ್ನು ಅಂದಾಜು ಮಾಡಬಹುದು. ಸರಿಯಾಗಿ ನಿಲ್ಲಿಸಿದ ಕ್ಯಾಮೆರಾ ನೋಟಕ್ಕೆ ಮಾತ್ರವಲ್ಲದೆ ಅಳತೆಗೂ ಸಾಧನವಾಗುತ್ತದೆ.