ಸಾವು ಮುಚ್ಚಿಟ್ಟರೆ 250 ರೂಪಾಯಿ!

ಆರ್‌ಪಿಸಿ ಲೇಔಟಿನ ಬಸ್‌ಸ್ಟಾಪಿನ ಬಳಿ ಒಂದು ಕಾಂಡಿಮೆಂಟ್ಸ್ ಅಂಗಡಿ. ಸಂಜೆ ಆರು ಹೊಡೆದರೆ ಅಲ್ಲಿ ಸಾಮಾನಿಗಿಂತ ಮಾತಿನ ವ್ಯಾಪಾರವೇ ಜೋರು. ಮೊನ್ನೆ ಬಸ್ಸಿಗೆ ಕಾಯುತ್ತಿದ್ದ ಮಹಾಶಯರೊಬ್ಬರು ಅಮೆರಿಕದ ಹಳೇ ಕೇಸೊಂದನ್ನು ತೆಗೆದರು.

2008ರಲ್ಲಿ ಫ್ಲಾರಿಡಾದಲ್ಲಿ ಕೇಲಿ ಎಂಬ ಎರಡು ವರ್ಷದ ಮಗು ಕಾಣೆಯಾಯಿತು. ಮೂವತ್ತೊಂದು ದಿನ ತಾಯಿ ಪೊಲೀಸರ ಹತ್ತಿರ ತುಟಿ ಬಿಚ್ಚಲಿಲ್ಲ. ಕೊನೆಗೆ ಮಗುವಿನ ಶವವೇ ಸಿಕ್ಕಿತು. ಕೊಲೆ ಕೇಸು ನಡೆದು 2011ರಲ್ಲಿ ಜ್ಯೂರಿ ಆಕೆಯನ್ನು ಬಿಟ್ಟಿತು. ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ಮಾತ್ರ ಶಿಕ್ಷೆ. ಜನ ಕೆರಳಿದರು. ಮಗು ಸತ್ತದ್ದನ್ನೋ ಕಾಣೆಯಾದದ್ದನ್ನೋ ತಿಳಿಸದಿದ್ದರೆ ಅದೇ ಒಂದು ಅಪರಾಧ ಎಂದು ಅಲ್ಲಿನ ಹಲವು ರಾಜ್ಯಗಳು ಕಾಯಿದೆ ಮಾಡಿದವು.

"ನಮ್ಮಲ್ಲೂ ಹಾಗೇ ಮಾಡ್ಬೇಕು ಸಾರ್. ಸಾವು ಮುಚ್ಚಿಟ್ಟೋರ್ನ ಹಿಡಿದು ಒಳಗ್ಹಾಕ್ಬೇಕು!" ಎಂದರು ಮಹಾಶಯರು. ನಿಂತಿದ್ದವರೆಲ್ಲ ತಲೆಯಾಡಿಸಿದರು. ಅಂಗಡಿ ಯಜಮಾನರು ಮಾತ್ರ ಚಿಲ್ಲರೆ ಎಣಿಸುತ್ತಾ ಸುಮ್ಮನಿದ್ದರು. ಯಾಕೆಂಬುದು ಆಮೇಲೆ ಗೊತ್ತಾಯಿತು.

ನಮ್ಮಲ್ಲಿ ಕಾಯಿದೆ ಇಲ್ಲವೆಂದಲ್ಲ. 1969ರಿಂದಲೂ ಇದೆ, ಜನನ ಮರಣ ನೋಂದಣಿ ಕಾಯಿದೆ. ಮನೆಯಲ್ಲಿ ಸತ್ತರೆ ಮನೆಯ ಯಜಮಾನ, ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ, ಛತ್ರ, ಹಾಸ್ಟೆಲು, ಲಾಡ್ಜುಗಳಲ್ಲಾದರೆ ಅದನ್ನು ನಡೆಸುವವರು 21 ದಿನದೊಳಗೆ ತಿಳಿಸಬೇಕು. ತಿಳಿಸದಿದ್ದರೆ? ಐವತ್ತು ರೂಪಾಯಿವರೆಗೆ ದಂಡ! 2023ರ ತಿದ್ದುಪಡಿಯಲ್ಲಿ ಅದನ್ನು 250ಕ್ಕೆ ಏರಿಸಿದರು. ಇವತ್ತಿನ ದಿನದಲ್ಲಿ ಗಂಡ ಹೆಂಡತಿ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಕಾಫಿ ಕುಡಿದ ಬಿಲ್ಲು.

ರಿಚ್‌ಮಂಡ್ ರಸ್ತೆಯ ಅಂಗಳ

ಸಾವು ಮುಚ್ಚಿಟ್ಟರೆ ಯಾರಿಗೆ ಲಾಭ ಎಂಬುದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕೆರೆ ಅವರ ಕೇಸು ಹಳಬರಿಗೆ ನೆನಪಿರಬೇಕು. 1991ರಲ್ಲಿ ಆಕೆಯನ್ನು ಕೊಂದು, ಪೆಟ್ಟಿಗೆಯಲ್ಲಿಟ್ಟು, ರಿಚ್‌ಮಂಡ್ ರಸ್ತೆಯ ಆಕೆಯದೇ ಮನೆಯಂಗಳದಲ್ಲಿ ಹೂತದ್ದು ಎರಡನೇ ಗಂಡ ಶ್ರದ್ಧಾನಂದ. ಕೇಳಿದವರಿಗೆಲ್ಲ 'ಆಕೆ ಊರಲ್ಲಿಲ್ಲ' ಎಂಬ ಕಥೆ. ಕೈಯಲ್ಲಿ ಆಕೆ ಕೊಟ್ಟಿದ್ದ ಪವರ್ ಆಫ್ ಅಟಾರ್ನಿ. ಅದನ್ನು ಹಿಡಿದುಕೊಂಡೇ ಆಸ್ತಿ ವ್ಯವಹಾರ.

ಗಮನಿಸಿ: ಬರೆದುಕೊಟ್ಟವರು ಸತ್ತ ಗಳಿಗೆಯಲ್ಲೇ ಪವರ್ ಆಫ್ ಅಟಾರ್ನಿಯೂ ಸಾಯುತ್ತದೆ. ಅಂದರೆ ಆಕೆ ಸತ್ತ ಸುದ್ದಿ ಎಲ್ಲಿಯವರೆಗೆ ಹೊರಬೀಳಲಿಲ್ಲವೋ ಅಲ್ಲಿಯವರೆಗೆ ಆ ಕಾಗದಕ್ಕೆ ಜೀವ. ಮಗಳು ಬಿಡದೆ ಪೊಲೀಸರಿಗೆ ದೂರು ಕೊಟ್ಟು ಬೆನ್ನು ಹತ್ತಿದ್ದರಿಂದ 1994ರ ಮಾರ್ಚಿನಲ್ಲಿ ನೆಲ ಅಗೆದರು. ಮೂರು ವರ್ಷ! ಕೊನೆಗೆ 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲು ತಪ್ಪಿಸಿ, ಸಾಯುವವರೆಗೂ ಬಿಡುಗಡೆ ಬೇಡವೆಂದಿತು.

ಅಲ್ಲಿ ಕೊಲೆ ರುಜುವಾತಾಯಿತು, ಸರಿ. ಆಗದಿದ್ದರೆ? ಸಾಕ್ಷ್ಯ ನಾಶದ ಕಲಮು ಹಿಡಿಯಬೇಕೆಂದರೂ ಮೊದಲು ಒಂದು ಅಪರಾಧ ನಡೆದಿತ್ತೆಂದು ತೋರಿಸಬೇಕು. ಮಗು ಹುಟ್ಟಿದ್ದನ್ನೇ ಮುಚ್ಚಿಡಲು ಅದರ ಶವವನ್ನು ಗುಟ್ಟಾಗಿ ಹೂತರೆ ಎರಡು ವರ್ಷದವರೆಗೆ ಜೈಲು ಎಂದು ಇಂಗ್ಲಿಷರ ಕಾಲದ ಪೀನಲ್ ಕೋಡಿನಲ್ಲೇ ಇತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ದೊಡ್ಡವರ ಸಾವನ್ನು ಬರೀ ಹೇಳದೆ ಸುಮ್ಮನಿದ್ದವನಿಗೆ ಮಾತ್ರ ಅದೇ 250. ಸತ್ತವರ ಪಿಂಚಣಿಯನ್ನು ತಿಂಗಳು ತಿಂಗಳು ಎಳೆಯುವವನಿಗೂ, ತಿಳಿಯದೆ ಬಿಟ್ಟ ಬಡಪಾಯಿಗೂ ನೋಂದಣಿ ಕಾಯಿದೆಯಲ್ಲಿ ಒಂದೇ ತಕ್ಕಡಿ. ನನ್ನನ್ನು ಕೇಳಿದರೆ ಜೈಲು ಬೇಕಾದದ್ದು ಮುಚ್ಚಿಟ್ಟು ಲಾಭ ಮಾಡಿಕೊಂಡವನಿಗೆ, ಮರೆತವನಿಗಲ್ಲ.

ಮರೆತವರೊಬ್ಬರು ಗಲ್ಲಾದಲ್ಲೇ ಕೂತಿದ್ದರು! ಜನ ಬಸ್ಸು ಹತ್ತಿ ಹೋದ ಮೇಲೆ ಯಜಮಾನರು ಬಾಯಿ ಬಿಟ್ಟರು. "ನಮ್ಮವ್ವ ತೀರ್ಕೊಂಡು ಹದಿನಾಲ್ಕು ತಿಂಗಳಾಯ್ತು ಸಾರ್, ಕುಣಿಗಲ್ ಹತ್ರ ಊರಲ್ಲಿ. ಎಲ್ಲೂ ಬರೆಸಿಲ್ಲ. ಈಗ ಮನೆ ಖಾತೆ ಮಾಡಿಸೋಕೆ ಹೋದ್ರೆ ಡೆತ್ ಸರ್ಟಿಫಿಕೇಟ್ ತಗೊಂಡ್ಬಾ ಅಂತಾರೆ. ನನ್ನೂ ಒಳಗ್ಹಾಕ್ತಾರಾ?"

ಹನ್ನೊಂದನೇ ದಿನದ ತಿಥಿಯನ್ನು ಊರೆಲ್ಲ ಕರೆದು ಮಾಡಿದ್ದಾರೆ. ಇಪ್ಪತ್ತೊಂದನೇ ದಿನದ ಗಡುವನ್ನು ಹೇಳುವವರೇ ಇರಲಿಲ್ಲ. ಆ ಗಡುವಿನೊಳಗೆ ಹೋಗಿದ್ದರೆ ಬಿಡಿಗಾಸೂ ಖರ್ಚಿರಲಿಲ್ಲ. ಮೂವತ್ತು ದಿನದೊಳಗಾದರೆ ಸಣ್ಣ ತಡ ಶುಲ್ಕ. ವರ್ಷದೊಳಗಾದರೆ ಅಧಿಕಾರಿಯ ಅನುಮತಿ. ವರ್ಷ ದಾಟಿತೋ, ಮುಂಚೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. 2023ರ ತಿದ್ದುಪಡಿಯ ನಂತರ ಜಿಲ್ಲಾಧಿಕಾರಿ, ಉಪವಿಭಾಗದ ಮ್ಯಾಜಿಸ್ಟ್ರೇಟರು ಅಥವಾ ಅಧಿಕಾರ ಪಡೆದ ಬೇರೆ ಮ್ಯಾಜಿಸ್ಟ್ರೇಟರ ಆದೇಶ ಸಾಕು. ಅದಕ್ಕೂ ಮೊದಲು, ಊರಿನ ಮರಣ ದಾಖಲೆಯಲ್ಲಿ ಹೆಸರಿಲ್ಲವೆಂಬ ಪತ್ರ ತರಬೇಕು.

ಇಷ್ಟನ್ನೂ ಬಿಸ್ಕತ್ತಿನ ರಟ್ಟಿನ ಹಿಂದೆ ಬರೆದುಕೊಟ್ಟೆ. ಯಜಮಾನರು ಅದನ್ನು ಮಡಿಚಿ ದೇವರ ಪಟದ ಹಿಂದೆ ಸಿಕ್ಕಿಸಿದರು. ಬುಧವಾರ ಅಂಗಡಿಗೆ ಬೀಗವಂತೆ, ಕುಣಿಗಲ್ ಬಸ್ಸಿಗೆ ಬೆಳಗಿನ ಆರಕ್ಕೇ ಹೊರಡುತ್ತಾರಂತೆ.