ಜೆನ್ನೆಯ ಮಸೀದಿಗೆ ವರ್ಷವೂ ಹೊಸ ಮಣ್ಣು

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಜೆನ್ನೆ ಪಟ್ಟಣದಲ್ಲಿ ಸೋಮವಾರ ಸಂತೆ. ಸಂತೆ ನೆರೆಯುವ ಬಯಲಿನ ಒಂದು ಮಗ್ಗುಲಿಗೆ ಜಗತ್ತಿನ ಅತಿ ದೊಡ್ಡ ಮಣ್ಣಿನ ಕಟ್ಟಡ ನಿಂತಿದೆ. ಅದೇ ಊರಿನ ದೊಡ್ಡ ಮಸೀದಿ. ಬಾನಿ ನದಿಯ ನೆರೆ ತಟ್ಟದಂತೆ ಸುಮಾರು 3 ಮೀಟರ್ ಎತ್ತರದ ಜಗಲಿ, ಅದರ ಮೇಲೆ ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ, ಮೂರು ಗೋಪುರ, ಗೋಪುರದ ತುದಿಯಲ್ಲಿ ಆಸ್ಟ್ರಿಚ್ ಮೊಟ್ಟೆ. ಗೋಡೆಯ ತುಂಬ ಮುಳ್ಳುಹಂದಿಯ ಮುಳ್ಳಿನಂತೆ ತಾಳೆಮರದ ತುಂಡುಗಳು ಚಾಚಿಕೊಂಡಿವೆ. ನೋಡುವವರಿಗೆ ಅವು ಅಲಂಕಾರ, ಗಾರೆಯವರಿಗೆ ಸಾರುವೆ.

ಈಗಿನ ಕಟ್ಟಡ ಮುಗಿದದ್ದು 1907ರಲ್ಲಿ, ಫ್ರೆಂಚರ ಆಳ್ವಿಕೆಯ ಕಾಲದಲ್ಲಿ. ಕಟ್ಟಿದವರು ಊರಿನ ಗಾರೆಯವರೇ. ಅದಕ್ಕೂ ಮೊದಲು ಇಲ್ಲಿದ್ದ ಹಳೆಯ ಮಸೀದಿ 19ನೇ ಶತಮಾನದಲ್ಲಿ ಅಳಿಯಿತು. ಅದರ ವೈಭವ ಒಪ್ಪದ ದೊರೆ ಸೇಕು ಅಹ್ಮದು ಅದನ್ನು ಕೆಡವಲಿಲ್ಲ. ಮಳೆನೀರಿನ ದೋಣಿಗಳನ್ನು ಮುಚ್ಚಿಸಿ ಸುಮ್ಮನಾದ ಎನ್ನುತ್ತಾರೆ. ಮುಂದಿನದನ್ನು ಮಳೆ ನೋಡಿಕೊಂಡಿತು.

ಹಾಗಾಗಿಯೇ ಇಲ್ಲಿ ವರ್ಷವೂ ಮಳೆಗಾಲಕ್ಕೆ ಮುನ್ನ ಮಸೀದಿಗೆ ಮಣ್ಣು ಮೆತ್ತುವ ಹಬ್ಬ. ನದಿಯ ಜೇಡಿಗೆ ಭತ್ತದ ಹೊಟ್ಟು ಬೆರೆಸಿ, ಗುಂಡಿಯಲ್ಲಿ ದಿನಗಟ್ಟಲೆ ಕೊಳೆಹಾಕುತ್ತಾರೆ. ಹುಡುಗರು ಬುಟ್ಟಿ ಹೊತ್ತು ಓಡುತ್ತಾರೆ, ಹೆಂಗಸರು ನೀರು ತರುತ್ತಾರೆ, ಕೇರಿ ಕೇರಿಗೆ ಪೈಪೋಟಿ. ಬಾರೆ ತೋನ್ ಎಂಬ ಗಾರೆಯವರ ಸಂಘದ ಹಿರಿಯರ ಮಾತೇ ಅಲ್ಲಿ ಕೊನೆ.

ಆದರೆ ಭಕ್ತಿಯ ಮಣ್ಣಿಗೂ ಭಾರವಿದೆ! ವರ್ಷವರ್ಷದ ಪದರಗಳು ಸೇರಿ ಮಾಡು ಭಾರವಾಗಿತ್ತು. 2006ರಲ್ಲಿ ಆಗಾ ಖಾನ್ ಟ್ರಸ್ಟ್‌ನ ತಂಡ ಪರೀಕ್ಷೆಗೆಂದು ಮಾಡನ್ನು ಕೆದಕಿದಾಗ ಊರಲ್ಲಿ ಗಲಭೆಯೇ ಎದ್ದಿತು. 2009ರ ನವೆಂಬರ್‌ನಲ್ಲಿ ಒಂದೇ ದಿನ 75 ಮಿ.ಮೀ. ಮಳೆ ಸುರಿದು ದಕ್ಷಿಣದ ಗೋಪುರದ ಮೇಲ್ಭಾಗ ಕುಸಿಯಿತು. ಆಮೇಲೆ ಅದೇ ಟ್ರಸ್ಟ್‌ನ ನೆರವಿನಲ್ಲಿ, ಊರಿನ ಗಾರೆಯವರ ಕೈಯಲ್ಲೇ, ದುರಸ್ತಿ ನಡೆಯಿತು.

ಮಸೀದಿಗೆ ಊರಿಡೀ ಇದೆ, ಮನೆಗಳಿಗೆ ಯಾರು? 1988ರಲ್ಲಿ ಯುನೆಸ್ಕೊ ಪಟ್ಟಣವನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಮನೆಯ ರೂಪ ಬದಲಿಸುವಂತಿಲ್ಲ. ಗಿಲಾವಿನ ಖರ್ಚು ಮಾತ್ರ ಮನೆಯವರದೇ. ಬೇಸತ್ತ ಕೆಲವರು ಗೋಡೆಗೆ ಸುಟ್ಟ ಮಣ್ಣಿನ ಬಿಲ್ಲೆ ಅಂಟಿಸಿದ್ದಾರೆ. ಅವರನ್ನು ದೂರುವುದು ಸುಲಭ. 2016ರಲ್ಲಿ, ದೇಶದ ಅಶಾಂತಿಯ ನಡುವೆ, ಜೆನ್ನೆ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಪಟ್ಟಿಗಳು ಎರಡಾದರೂ ಹೊಟ್ಟು, ಮಣ್ಣು, ಕೂಲಿಗೆ ಹಣ ಹೊಂದಿಸುವ ಪಾಡು ಮನೆಯವರಿಗೆ ತಪ್ಪಿಲ್ಲ.